ಜಿಲ್ಲೆಯಲ್ಲಿ ಸಿಸೇರಿಯನ್ ಎಷ್ಟು? ಯಾವ ಅಂಕಿ ನಂಬಬೇಕು?

ಪ್ರಶ್ನೆ: ನಮ್ಮ ಕಡೆ ಈಗ ಯಾರ ಮನೆಯಲ್ಲಿ ಕೇಳಿದರೂ ಸಿಸೇರಿಯನ್ ಹೆರಿಗೆ. ನಿಜಕ್ಕೂ ಜಾಸ್ತಿ ಆಗಿದೆಯಾ, ಅಥವಾ ನಮಗೆ ಹಾಗೆ ಅನಿಸುತ್ತಿದೆಯಾ? ಜಿಲ್ಲೆಯ ಅಂಕಿ ಹುಡುಕಿದರೆ ಒಂದೊಂದು ಕಡೆ ಒಂದೊಂದು ಸಂಖ್ಯೆ ಸಿಗುತ್ತದೆ. ಯಾವುದು ಸರಿ?

ಉತ್ತರ: ಜಾಸ್ತಿ ಆಗಿರುವುದು ನಿಜ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ, ಅಂದರೆ 2015-16ರಲ್ಲಿ, ಕರ್ನಾಟಕದ ಹೆರಿಗೆಗಳಲ್ಲಿ ಶೇ 23.6 ಸಿಸೇರಿಯನ್ ಆಗಿದ್ದವು. ಐದನೇ ಸುತ್ತಿಗೆ ಅದು ಶೇ 31.5ಕ್ಕೆ ಏರಿತು. ಇದೇ ಅವಧಿಯಲ್ಲಿ ದೇಶದ ಲೆಕ್ಕ ಶೇ 17.2ರಿಂದ 21.5ಕ್ಕೆ ಹೋಯಿತು. ಐದನೇ ಸುತ್ತಿನಲ್ಲಿ ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ಶೇ 47.4, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ 14.3. ಈ ಅಂತರ ನೋಡಿದರೆ ಯಾರಿಗಾದರೂ ಪ್ರಶ್ನೆ ಏಳಲೇಬೇಕು.

ಆದರೆ ನೀವು ಕೇಳಿದ್ದು ಜಿಲ್ಲೆಯ ಲೆಕ್ಕ. ಅಲ್ಲಿ ಸ್ವಲ್ಪ ಹುಷಾರಾಗಿರಬೇಕು. ಯಾವ ಅಂಕಿ ಸಿಕ್ಕರೂ ಮೊದಲು ಮೂರು ವಿಷಯ ನೋಡಿ: ಅದು ಯಾವ ವರ್ಷಗಳ ಹೆರಿಗೆ, ಎಲ್ಲಿ ಆದ ಹೆರಿಗೆ, ಯಾವ ಊರಿನ ತಾಯಂದಿರದು.

ಕುಟುಂಬ ಆರೋಗ್ಯ ಸಮೀಕ್ಷೆಯನ್ನು ಕೇಂದ್ರ ಆರೋಗ್ಯ ಸಚಿವಾಲಯಕ್ಕಾಗಿ ನಡೆಸುವುದು ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ. ಪ್ರತಿ ಜಿಲ್ಲೆಗೂ ಒಂದು ಚಿಕ್ಕ ವರದಿ ಬರುತ್ತದೆ, ಯಾರು ಬೇಕಾದರೂ ಸುಮ್ನೆ ಇಳಿಸಿಕೊಂಡು ಓದಬಹುದು. ಮನೆಮನೆಗೆ ಹೋಗಿ ತಾಯಂದಿರನ್ನೇ ಕೇಳುವುದರಿಂದ, ಹೆರಿಗೆ ಖಾಸಗಿ ಆಸ್ಪತ್ರೆಯಲ್ಲಾದರೂ ಲೆಕ್ಕಕ್ಕೆ ಸಿಗುತ್ತದೆ. ಇದು ದೊಡ್ಡ ಬಲ. ಕೊರತೆ ಕಾಲದ್ದು. ಐದನೇ ಸುತ್ತಿಗೆ 2019-21 ಅಂತ ಹೆಸರಿದ್ದರೂ ಕರ್ನಾಟಕದಲ್ಲಿ ಮನೆ ಭೇಟಿ ಕೋವಿಡ್ ಬರುವ ಮೊದಲೇ ಮುಗಿದಿತ್ತು. ಅದು ಕೇಳಿದ್ದು ಹಿಂದಿನ ಐದು ವರ್ಷಗಳ ಹೆರಿಗೆಯ ಬಗ್ಗೆ. ಹಾಗಾಗಿ ಶೇ 31.5 ಅನ್ನುವುದು ಸುಮಾರು 2014ರಿಂದ 2019ರವರೆಗಿನ ಚಿತ್ರ. ನಿನ್ನೆ ಮೊನ್ನೆಯದಲ್ಲ. ಹೊಸಪೇಟೆಯವರು ವಿಜಯನಗರ ಅಂತ ಆ ಸುತ್ತಿನಲ್ಲಿ ಹುಡುಕಿದರೆ ಸಿಗುವುದೂ ಇಲ್ಲ. ಜಿಲ್ಲೆ ಆಗಿದ್ದೇ 2021ರಲ್ಲಿ. ಬಳ್ಳಾರಿಯ ವರದಿಯನ್ನೇ ನೋಡಬೇಕು.

ಇನ್ನೊಂದು, ಸ್ಯಾಂಪಲ್ ಚಿಕ್ಕದು. ದೇಶದ 707 ಜಿಲ್ಲೆಗಳಿಂದ ಸುಮಾರು 6.37 ಲಕ್ಷ ಮನೆ, ಅಂದರೆ ಜಿಲ್ಲೆಗೆ ಸರಾಸರಿ 900. ಅದರಲ್ಲಿ ಐದು ವರ್ಷದೊಳಗೆ ಹೆರಿಗೆಯಾದ ತಾಯಂದಿರು, ಅವರಲ್ಲೂ ಖಾಸಗಿ ಆಸ್ಪತ್ರೆಗೆ ಹೋದವರು ಅಂತ ಸೋಸುತ್ತಾ ಹೋದರೆ ಉಳಿಯುವವರು ಕಡಿಮೆ. ವರದಿಯಲ್ಲಿ ಸಂಖ್ಯೆ ಆವರಣದೊಳಗೆ ಇದ್ದರೆ ಅದು 25ರಿಂದ 49 ಜನರ ಉತ್ತರದ ಮೇಲೆ ನಿಂತಿದೆ ಅಂತ ಅರ್ಥ. ನಕ್ಷತ್ರದ ಗುರುತು ಇದ್ದರೆ 25 ಜನರೂ ಸಿಕ್ಕಿಲ್ಲ. ಪಕ್ಕದ ಜಿಲ್ಲೆಗಿಂತ ನಿಮ್ಮದು ಶೇ 3 ಜಾಸ್ತಿ ಅನ್ನುವ ಸುದ್ದಿ ಓದಿದಾಗ ಇದು ನೆನಪಿರಲಿ.

ಇನ್ನು ಆಸ್ಪತ್ರೆಗಳು ತಿಂಗಳು ತಿಂಗಳು ಕಳಿಸುವ ಲೆಕ್ಕ. ಇದನ್ನು ಎಚ್‌ಎಂಐಎಸ್ ಅನ್ನುತ್ತಾರೆ, 2008ರಿಂದ ಇದೆ. ತಾಜಾ ಅಂಕಿ ಬೇಕಾದರೆ ಇದೇ ಗತಿ. ಸರ್ಕಾರಿ ಆಸ್ಪತ್ರೆಗಳಲ್ಲಿ ವರ್ಷದಿಂದ ವರ್ಷಕ್ಕೆ ಏನಾಗುತ್ತಿದೆ ಅಂತ ತಿಳಿಯಲು ನಾನು ಇದನ್ನೇ ನೋಡುತ್ತೇನೆ. ಖಾಸಗಿಯವರು ಮಾತ್ರ ಎಲ್ಲರೂ ನಿಯಮಿತವಾಗಿ ಲೆಕ್ಕ ಕಳಿಸುವುದಿಲ್ಲ. ಜೊತೆಗೆ ಇಲ್ಲಿ ಹೆರಿಗೆ ಎಣಿಕೆಯಾಗುವುದು ಆಸ್ಪತ್ರೆ ಇರುವ ಜಿಲ್ಲೆಯಲ್ಲಿ. ಶಿರಸಿಯ ಕಡೆಯ ಗರ್ಭಿಣಿಗೆ ತೊಂದರೆಯಾಗಿ ಹುಬ್ಬಳ್ಳಿಗೆ ಕರೆದೊಯ್ದರೆ ಆ ಸಿಸೇರಿಯನ್ ಧಾರವಾಡ ಜಿಲ್ಲೆಯ ಲೆಕ್ಕ. ಮಂಗಳೂರಿನ ಆಸ್ಪತ್ರೆಗಳಿಗೆ ಕಾಸರಗೋಡು, ಚಿಕ್ಕಮಗಳೂರಿನಿಂದಲೂ ಬರುತ್ತಾರೆ. ಮೊದಲ ಹೆರಿಗೆ ತವರಿನಲ್ಲಿ ಅನ್ನುವ ನಮ್ಮ ಪದ್ಧತಿಯೂ ಇದೆಯಲ್ವಾ? ದೊಡ್ಡ ಆಸ್ಪತ್ರೆ ಇರುವ ಜಿಲ್ಲೆಯಲ್ಲಿ ಸಿಸೇರಿಯನ್ ಜಾಸ್ತಿ ಕಾಣುವುದಕ್ಕೆ ವೈದ್ಯರ ದುಡ್ಡಿನ ಆಸೆಯೇ ಕಾರಣ ಅಂತ ತೀರ್ಮಾನಿಸುವ ಮೊದಲು ಇದನ್ನೆಲ್ಲ ನೋಡಬೇಕು. ಕಷ್ಟದ ಕೇಸುಗಳನ್ನು ರಾತ್ರಿ ಹಗಲು ತೆಗೆದುಕೊಳ್ಳುವ ಆಸ್ಪತ್ರೆಗೆ ಅನ್ಯಾಯವಾಗಬಾರದು.

ಯಾರೂ ಅಷ್ಟಾಗಿ ಗಮನಿಸದ ಮೂರನೇ ಮೂಲವೊಂದಿದೆ: ಜನನ ನೋಂದಣಿ. 1969ರ ಕಾಯ್ದೆ ಪ್ರಕಾರ ಪ್ರತಿ ಜನನವನ್ನೂ 21 ದಿನದೊಳಗೆ ತಿಳಿಸಬೇಕು. ಆ ಫಾರಂನಲ್ಲಿ ಹೆರಿಗೆ ಸಹಜವೋ ಸಿಸೇರಿಯನ್ನೋ ಅಂತ ಗುರುತು ಹಾಕುವ ಜಾಗವಿದೆ. ತಾಯಿ ವಾಸಿಸುವ ಊರನ್ನೂ ಬರೆಯಬೇಕು. ಖಾಸಗಿ ಆಸ್ಪತ್ರೆಗಳಿಗೂ ಇದು ಕಡ್ಡಾಯ. ಅಂದರೆ ನಿಮ್ಮ ಪ್ರಶ್ನೆಗೆ ಬೇಕಾದ ಎಲ್ಲವನ್ನೂ ಒಂದೇ ಕಾಗದದಲ್ಲಿ ಕೇಳಲಾಗುತ್ತದೆ.

ಇಷ್ಟೆಲ್ಲ ಸಿಕ್ಕರೂ ಯಾವ ಸಿಸೇರಿಯನ್ ಬೇಕಿತ್ತು, ಯಾವುದು ಬೇಕಿರಲಿಲ್ಲ ಅಂತ ಈ ಮೂರರಲ್ಲಿ ಯಾವುದೂ ಹೇಳುವುದಿಲ್ಲ. ಐದನೇ ಸುತ್ತಿನಲ್ಲಿ ತೆಲಂಗಾಣ ಶೇ 60.7, ನಾಗಾಲ್ಯಾಂಡ್ ಶೇ 5.2. ಮೊದಲನೆಯದು ಆತಂಕ ಹುಟ್ಟಿಸುತ್ತದೆ. ಎರಡನೆಯದೂ ನೆಮ್ಮದಿಯ ವಿಷಯವಲ್ಲ, ಬೇಕಾದವರಿಗೂ ಆಪರೇಷನ್ ಸಿಗುತ್ತಿಲ್ಲ ಅನ್ನುವ ಅನುಮಾನ ಬರುತ್ತದೆ. ಜನಸಮುದಾಯದ ಮಟ್ಟದಲ್ಲಿ ಶೇ 10 ದಾಟಿದ ಮೇಲೆ ತಾಯಿ, ಶಿಶು ಮರಣ ಇಳಿಯುವುದಕ್ಕೂ ಸಿಸೇರಿಯನ್‌ಗೂ ನಂಟು ಕಾಣುವುದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಆದರೆ ಅದು ಒಂದೊಂದು ಆಸ್ಪತ್ರೆಗೆ ಹಾಕಿದ ಮಿತಿಯಲ್ಲ. ಆಸ್ಪತ್ರೆಗಳನ್ನು ಹೋಲಿಸಲು ಅದೇ ಸಂಸ್ಥೆ ರಾಬ್ಸನ್ ವರ್ಗೀಕರಣ ಬಳಸಿ ಅನ್ನುತ್ತದೆ. ಚೊಚ್ಚಲ ಹೆರಿಗೆಯೇ, ಹಿಂದೆ ಸಿಸೇರಿಯನ್ ಆಗಿತ್ತೇ, ಮಗುವಿನ ತಲೆ ಕೆಳಗಿತ್ತೇ, ತಿಂಗಳು ತುಂಬಿತ್ತೇ ಎಂಬಂಥ ವಿವರ ಹಿಡಿದು ತಾಯಂದಿರನ್ನು 10 ಗುಂಪು ಮಾಡುವ ವಿಧಾನ ಅದು.

ಈಗ ನೀವು ಮಾಡಬಹುದಾದ ಕೆಲಸ. ಜನನ ನೋಂದಣಿಯ ಲೆಕ್ಕಕ್ಕೆ ರಾಜ್ಯದಲ್ಲಿ ಅರ್ಥ ಮತ್ತು ಸಾಂಖ್ಯಿಕ ನಿರ್ದೇಶನಾಲಯವೇ ಹೊಣೆ. ಅಲ್ಲಿಗೆ 10 ರೂಪಾಯಿ ಶುಲ್ಕದೊಂದಿಗೆ ಆರ್‌ಟಿಐ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ‘ಯಾಕೆ ಜಾಸ್ತಿ ಆಗಿದೆ’ ಅಂತ ಕೇಳಬೇಡಿ, ದಾಖಲೆಯಲ್ಲಿ ಇರುವುದನ್ನಷ್ಟೇ ಕೇಳಿ: ಕಳೆದ ಮೂರು ವರ್ಷ, ಆಸ್ಪತ್ರೆವಾರು ಒಟ್ಟು ಜನನ, ಅದರಲ್ಲಿ ಸಿಸೇರಿಯನ್, ಆ ತಾಯಂದಿರಲ್ಲಿ ಜಿಲ್ಲೆಯೊಳಗಿನವರು ಎಷ್ಟು, ಹೊರಗಿನವರು ಎಷ್ಟು. ಯಾರ ಹೆಸರೂ ಬೇಡ, ಎಣಿಕೆ ಸಾಕು. 30 ದಿನದೊಳಗೆ ಉತ್ತರ ಕೊಡಬೇಕು. ಬಾರದಿದ್ದರೆ ಅದೇ ಇಲಾಖೆಯ ಮೇಲ್ಮನವಿ ಅಧಿಕಾರಿಗೆ ಬರೆಯಿರಿ.