16 ಪಿಕ್ಸೆಲ್‌ನಲ್ಲಿ ಒಂದು ‘ಧ’

ಫಾಂಟ್ ಫೈಲ್‌ನಲ್ಲಿ ಸಾಮಾನ್ಯವಾಗಿ ಅಕ್ಷರದ ಚಿತ್ರ ಇರುವುದಿಲ್ಲ. ಗೆರೆ ಎಲ್ಲಿ ಶುರು, ಎಲ್ಲಿ ಬಾಗಬೇಕು ಅನ್ನೋ ಲೆಕ್ಕ ಇರುತ್ತದೆ, ಅಷ್ಟೇ. ಆ ಗೆರೆಯನ್ನು ಪರದೆಯ ಪುಟ್ಟ ಚೌಕಗಳಲ್ಲಿ, ಅಂದರೆ ಪಿಕ್ಸೆಲ್‌ಗಳಲ್ಲಿ, ತುಂಬುವ ಕೆಲಸಕ್ಕೆ ರೆಂಡರಿಂಗ್ ಎನ್ನುತ್ತಾರೆ.

ಅಕ್ಷರದ ಗಾತ್ರವನ್ನು ಪಾಯಿಂಟ್‌ನಲ್ಲಿ ಅಳೆಯುತ್ತಾರೆ. 1 ಪಾಯಿಂಟ್ ಅಂದರೆ ಒಂದು ಇಂಚಿನಲ್ಲಿ 72ನೇ ಒಂದು ಪಾಲು. ವಿಂಡೋಸ್ ಮಾಮೂಲಿಯಾಗಿ ಇಂಚಿಗೆ 96 ಪಿಕ್ಸೆಲ್ ಎಂದು ಹಿಡಿಯುತ್ತದೆ. ಹಾಗಾಗಿ 12 ಪಾಯಿಂಟ್‌ಗೆ ಸಿಗುವುದು 16 ಪಿಕ್ಸೆಲ್. 600 ಡಿಪಿಐ (ಇಂಚಿಗೆ 600 ಚುಕ್ಕಿ) ಲೇಸರ್ ಪ್ರಿಂಟರ್‌ನಲ್ಲಿ ಅದೇ ಅಳತೆಗೆ 100 ಚುಕ್ಕಿ! ಕಾಗದದ ಮೇಲೆ ಅಕ್ಷರ ಯಾಕೆ ಅಷ್ಟು ಚೆನ್ನಾಗಿ ಕಾಣುತ್ತದೆ ಅಂತ ಈಗ ಗೊತ್ತಾಯಿತಲ್ವಾ?

ಕನ್ನಡಕ್ಕೆ ಆ 16 ಕೂಡ ಪೂರ್ತಿ ಸಿಗುವುದಿಲ್ಲ. ಮೇಲೆ ಗುಡಿಸಿಗೆ ಜಾಗ ಬೇಕು, ಕೆಳಗೆ ಒತ್ತಕ್ಷರಕ್ಕೆ ಬೇಕು. ಅಕ್ಷರದ ಮೈಗೆ ಉಳಿಯುವುದು ಹೆಚ್ಚುಕಡಿಮೆ ಅರ್ಧ. ಒಂದು ಗ್ರಾಫ್ ಹಾಳೆ ತೆಗೆದುಕೊಂಡು 8 ಚೌಕದ ಎತ್ತರದಲ್ಲಿ ‘ಧ’ ತುಂಬಿ ನೋಡಿ. ತಲೆಕಟ್ಟಿಗೆ ಒಂದು ಸಾಲು ಹೋಯಿತು. ದುಂಡು ಭಾಗವೂ ಹೇಗೋ ಬಂತು. ಕೆಳಗಿನ ಆ ಪುಟ್ಟ ಸೀಳು ಮಾತ್ರ ಅರ್ಧ ಚೌಕದ ಮೇಲೆ ಬೀಳುತ್ತದೆ. ತುಂಬಿದರೆ ಗೆರೆ ದಪ್ಪಗಾಗಿ ಅಂಟಿಕೊಳ್ಳುತ್ತದೆ. ಬಿಟ್ಟರೆ ‘ಧನ’ ಹೋಗಿ ‘ದನ’ ಆಗುತ್ತದೆ. ‘ಠ’ದೊಳಗಿನ ಚುಕ್ಕಿಯ ಪಾಡೂ ಇದೇ.

ಇದಕ್ಕೆ ಮೂರು ಉಪಾಯಗಳಿವೆ. ಆಂಟಿ-ಅಲಿಯಾಸಿಂಗ್‌ನಲ್ಲಿ ಅರ್ಧ ತುಂಬಬೇಕಾದ ಚೌಕಕ್ಕೆ ಬೂದು ಬಣ್ಣ ಕೊಡುತ್ತಾರೆ. 2001ರ ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ಕ್ಲಿಯರ್‌ಟೈಪ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಎಲ್‌ಸಿಡಿ ಪಿಕ್ಸೆಲ್ ಒಂದರಲ್ಲಿ ಕೆಂಪು, ಹಸಿರು, ನೀಲಿ ಪಟ್ಟಿಗಳಿರುತ್ತವೆ. ಅವನ್ನು ಬಿಡಿಬಿಡಿಯಾಗಿ ಬಳಸಿ ಅಡ್ಡಗಲದಲ್ಲಿ ಹೆಚ್ಚು ವಿವರ ತೋರಿಸುತ್ತದೆ. ಮೂರನೆಯದು ಹಿಂಟಿಂಗ್: ಗೆರೆಯನ್ನು ಚೌಕದ ಅಂಚಿಗೆ ಸರಿಸಿ ಕೂರಿಸುವ ಸೂಚನೆ. ನೆಟ್ಟಗಿರುವ ಇಂಗ್ಲಿಷ್ ಎಚ್, ಎಲ್‌ಗೆ ಇದು ಚೆನ್ನಾಗಿ ಒದಗುತ್ತದೆ. ಎಲ್ಲೆಲ್ಲೂ ದುಂಡಗಿರುವ ನಮ್ಮ ಅಕ್ಷರಕ್ಕೆ ಅಷ್ಟು ಲಾಭವಿಲ್ಲ ಅಂತ ನನಗನ್ನಿಸುತ್ತದೆ. ನಮಗೆ ಬೇಕಾದದ್ದು ಜಾಸ್ತಿ ಪಿಕ್ಸೆಲ್. 2010ರ ಐಫೋನ್ 4ರಲ್ಲಿ ಇಂಚಿಗೆ 326 ಇದ್ದವು. ಅಂದರೆ ಅದೇ 12 ಪಾಯಿಂಟ್‌ಗೆ, ಇಂಚಿನ ಆರನೇ ಒಂದು ಪಾಲು ಎತ್ತರಕ್ಕೆ, ಸುಮಾರು 54. ಅಲ್ಲಿ ಸೀಳಿಗೂ ಚುಕ್ಕಿಗೂ ಜಾಗವಿದೆ.

ಒಂದು ಕಡೆ ತುಂಬಾ ಜನ ತಪ್ಪುತ್ತಾರೆ. ಪರದೆಯಲ್ಲಿ ಎಷ್ಟು ಪಿಕ್ಸೆಲ್ ಇವೆ (ರೆಸಲ್ಯೂಷನ್) ಅಂತ ಸುಮ್ನೆ 1920×1080 ಅಂದರೆ ಸಾಲದು, ಪರದೆಯ ಗಾತ್ರವೂ ಗೊತ್ತಿರಬೇಕು. 24 ಇಂಚಿನ ಮಾನಿಟರ್‌ನಲ್ಲಿ ಅದು ಇಂಚಿಗೆ ಸುಮಾರು 92 ಪಿಕ್ಸೆಲ್, 14 ಇಂಚಿನ ಲ್ಯಾಪ್‌ಟಾಪ್‌ನಲ್ಲಿ ಸುಮಾರು 157. ಅಕ್ಷರ ಚಿಕ್ಕದಾಯಿತು ಅಂತ ರೆಸಲ್ಯೂಷನ್ ಇಳಿಸಬೇಡಿ, ಎಲ್ಲ ಮಸುಕಾಗುತ್ತದೆ. ಸ್ಕೇಲಿಂಗ್ (ಪರದೆಯ ಮೇಲಿನದನ್ನೆಲ್ಲ ದೊಡ್ಡದಾಗಿ ತೋರಿಸುವ ಸೆಟ್ಟಿಂಗ್) 125 ಅಥವಾ 150 ಪರ್ಸೆಂಟ್‌ಗೆ ಏರಿಸಿ, ಆಮೇಲೆ ‘ಧನ’, ‘ದನ’ ಎರಡನ್ನೂ 9 ಪಾಯಿಂಟ್‌ನಲ್ಲಿ ಟೈಪ್ ಮಾಡಿ ಪಕ್ಕಪಕ್ಕ ಇಟ್ಟು ನೋಡಿ.