ಪೋರ್ಟ್ ಬ್ಯಾನಟೈನ್ ಸೋತಿದ್ದು ಸ್ಪೇನಿನ ಬಿಸಿಲಿಗಲ್ಲ

ಸ್ಕಾಟ್ಲೆಂಡಿನ ಕಡಲ ತೀರದ ಪ್ರವಾಸಿ ಊರುಗಳು ಯಾಕೆ ಸೊರಗಿದವು ಅಂತ ಕೇಳಿದರೆ ಸಾಮಾನ್ಯವಾಗಿ ಸಿಗುವುದು ಒಂದೇ ಉತ್ತರ: ವಿಮಾನ ಅಗ್ಗವಾಯಿತು, ಜನ ಸ್ಪೇನಿಗೆ ಹೋದರು. ಸುಳ್ಳೇನಲ್ಲ. ಆದರೆ ಗ್ಲಾಸ್ಗೋ ನಗರಕ್ಕೆ ಹತ್ತಿರದ ಬ್ಯೂಟ್ ದ್ವೀಪದ ಪೋರ್ಟ್ ಬ್ಯಾನಟೈನ್ ಅನ್ನೋ ಹಳ್ಳಿಗೆ ಈ ಉತ್ತರ ಹೊಂದುವುದಿಲ್ಲ. ಅಲ್ಲಿನ ಟ್ರಾಮು ನಿಂತಿದ್ದು 1936ರಲ್ಲಿ. ಆಗ ಗ್ಲಾಸ್ಗೋದ ಕಾರ್ಮಿಕ ರಜೆಗೆ ವಿಮಾನ ಹತ್ತುವ ಮಾತೇ ಇರಲಿಲ್ಲ.

ಈ ಕಡೆಯ ಊರುಗಳನ್ನು ಬೆಳೆಸಿದ್ದು ಹಬೆ ದೋಣಿ, ಅಂದರೆ ಸ್ಟೀಮರ್. 1812ರಲ್ಲಿ ಹೆನ್ರಿ ಬೆಲ್ ಎಂಬಾತ ಗ್ಲಾಸ್ಗೋ ಮೂಲಕ ಹರಿಯುವ ಕ್ಲೈಡ್ ನದಿಯಲ್ಲಿ 'ಕಾಮೆಟ್' ಎಂಬ ಹಬೆ ದೋಣಿ ಓಡಿಸಿದ. ಅವನದು ತೀರದ ಹೆಲೆನ್ಸ್‌ಬರ್ಗ್ ಊರಲ್ಲಿ ಒಂದು ಹೋಟೆಲ್ ಇತ್ತು, ಅಲ್ಲಿಗೆ ಗಿರಾಕಿ ಬರಬೇಕಿತ್ತು, ಅಷ್ಟೇ! ಆ ಲೆಕ್ಕಾಚಾರದಿಂದ ಯುರೋಪಿನಲ್ಲೇ ಮೊದಲ ಬಾರಿಗೆ ಹಬೆ ದೋಣಿಯ ಪ್ರಯಾಣಿಕ ವ್ಯಾಪಾರ ಕಾಲೂರಿತು. ಆಮೇಲೆ ರೈಲೂ ಸೇರಿಕೊಂಡಿತು. 1841ಕ್ಕೆ ಗ್ರೀನಕ್, 1865ಕ್ಕೆ ವೀಮ್ಸ್ ಬೇ, ಎರಡೂ ಕಡಲಂಚಿನ ಊರುಗಳು. ಗಲೀಜು ನದಿಯ ವಾಸನೆ ಕುಡಿಯುತ್ತಾ ನಗರದಿಂದಲೇ ದೋಣಿ ಹತ್ತುವ ಬದಲು, ರೈಲಲ್ಲಿ ಕಡಲಿನವರೆಗೆ ಬಂದು ಅಲ್ಲಿಂದ ದಾಟಬಹುದಾಯಿತು.

ಇನ್ನು ಜನ. ಗ್ಲಾಸ್ಗೋ ಫೇರ್ 12ನೇ ಶತಮಾನದಿಂದ ಬಂದ ಜಾತ್ರೆ. ಕೈಗಾರಿಕೆ ಬಂದ ಮೇಲೆ ಅದೇ ನಗರದ ಬೇಸಿಗೆ ರಜೆಯಾಯಿತು. ಜುಲೈನ ಎರಡನೇ ಅರ್ಧದಲ್ಲಿ ಹಡಗು ಕಟ್ಟುವ ಯಾರ್ಡುಗಳು, ಕಾರ್ಖಾನೆಗಳು ಒಟ್ಟಿಗೆ ಬಾಗಿಲು ಹಾಕುತ್ತಿದ್ದವು. ಇಡೀ ನಗರಕ್ಕೆ ಒಂದೇ ಹೊತ್ತಿಗೆ ರಜೆ ಸಿಕ್ಕರೆ ಏನಾಗುತ್ತದೆ ಯೋಚಿಸಿ. ಬೇರೆ ಬೇರೆ ರೈಲ್ವೆ ಕಂಪನಿಗಳ ದೋಣಿಗಳು ಗಿರಾಕಿಗಾಗಿ ರೇಸ್ ಓಡುತ್ತಿದ್ದವು, ದೋಣಿ ನಿಲ್ಲುವ ಕಟ್ಟೆಯನ್ನು ಮೊದಲು ಮುಟ್ಟಿದವನಿಗೆ ಜನ. ಕೊನೆಗೆ ಯಾವ ದೋಣಿ ಮೊದಲು ಬರಬೇಕು ಅಂತ ತೋರಿಸಲು 1889ರಲ್ಲಿ ಕಟ್ಟೆಗಳ ಮೇಲೆ ಸಿಗ್ನಲ್ ಹಾಕಬೇಕಾಯಿತು.

ದ್ವೀಪದ ದೊಡ್ಡ ಊರು ರಾಥ್‌ಸಿಯ ಕಟ್ಟೆಯಲ್ಲಿ ಆ ಕಾಲದ ಒಂದು ಶೌಚಾಲಯ ಈಗಲೂ ಇದೆ. 1899ರದ್ದು, ಟ್ವೈಫರ್ಡ್ ಕಂಪನಿಯ ಸಾಮಾನು. ಗೋಡೆಗುಂಟ 14 ಮೂತ್ರದ ಪಿಂಗಾಣಿ, ಮಧ್ಯೆ ದುಂಡಗೆ ಇನ್ನೂ 6, ಮೇಲೆ ಗಾಜಿನ ಪಕ್ಕೆಯ ನೀರಿನ ತೊಟ್ಟಿ. ದೋಣಿಯಿಳಿದ ಗುಂಪಿಗೆ ಇಷ್ಟು ವೈಭವ! ಅದೂ ಗಂಡಸರಿಗೆ ಮಾತ್ರ. ಹೆಂಗಸರಿಗೆ ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಅಲ್ಲಿಂದ ಮೂರು ಕಿಲೋಮೀಟರ್ ದೂರದ ಪೋರ್ಟ್ ಬ್ಯಾನಟೈನ್ ಶುರುವಾಗಿದ್ದು 1801ರಲ್ಲಿ, ಕೇಮ್ಸ್ ಕೋಟೆಯ ಒಡೆಯರು ಕಟ್ಟಿಸಿದ ಪುಟ್ಟ ಬಂದರಾಗಿ. ರಾಥ್‌ಸಿಗೆ ಸಡ್ಡು ಹೊಡೆಯೋ ಆಸೆ ಅವರಿಗೆ. ಅದು ಕೈಗೂಡಲಿಲ್ಲ, ಆದರೆ ಗದ್ದಲ ಬೇಡ ಅನ್ನುವವರು ಇಲ್ಲಿ ತಂಗತೊಡಗಿದರು, ಗುಡ್ಡದ ಮೇಲೆ ನೀರಿನ ಚಿಕಿತ್ಸೆಯ ದೊಡ್ಡ ಹೋಟೆಲ್ ಕೂಡ ಬಂತು. 1882ರಲ್ಲಿ ರಾಥ್‌ಸಿಯಿಂದ ಕುದುರೆ ಟ್ರಾಮು ಬಂತು, 1902ರಲ್ಲಿ ಅದಕ್ಕೆ ಕರೆಂಟು ಸಿಕ್ಕಿತು, 1905ರಲ್ಲಿ ಹಳಿ ದ್ವೀಪದ ಇನ್ನೊಂದು ಮಗ್ಗುಲಿನ ಎಟ್ರಿಕ್ ಬೇ ಮರಳಿನವರೆಗೂ ಹೋಯಿತು. ಸ್ಕಾಟ್ಲೆಂಡಿನ ಬೇರೆ ಯಾವ ದ್ವೀಪದಲ್ಲೂ ವಿದ್ಯುತ್ ಟ್ರಾಮು ಇರಲಿಲ್ಲ. ಪಕ್ಕ ತೆರೆದ ಬೋಗಿಯಲ್ಲಿ ಗಾಳಿಗೆ ಮುಖ ಕೊಟ್ಟು ಕೂತು ಹೋಗುವುದೇ ರಜೆಯ ಅರ್ಧ ಮಜಾ.

ನನಗನ್ನಿಸುವುದು, ಆಪತ್ತು ಇದ್ದದ್ದು ಇಲ್ಲೇ. ರೈಲು, ದೋಣಿ, ಟ್ರಾಮು ಹೀಗೆ ಕೊಂಡಿಗೆ ಕೊಂಡಿ ಸೇರಿಸಿ ಬೆಳೆದ ಹಳ್ಳಿ ಇದು, ಅದೂ ಸರಪಳಿಯ ತುದಿಯಲ್ಲಿ. ಬಸ್ಸು ಬಂದಾಗ ಟ್ರಾಮು ನಷ್ಟಕ್ಕೆ ಬಿತ್ತು, ಕಿತ್ತು ಹಾಕಿದರು. ರಾಥ್‌ಸಿಗೆ ಮಾತ್ರ ಏನೂ ಆದಂತಿರಲಿಲ್ಲ, 1938ರಲ್ಲಿ ಅಲ್ಲಿ ಹೊಸ ಫ್ಯಾಷನ್ನಿನ ಪೆವಿಲಿಯನ್ ಎದ್ದಿತು, ಕುಣಿತ, ಸಂಗೀತ ಕಛೇರಿಗೆ ಅಂತ. ಆಮೇಲೆ ಯುದ್ಧ. ಗುಡ್ಡದ ಹೋಟೆಲನ್ನು ನೌಕಾಪಡೆ ತೆಗೆದುಕೊಂಡು ಎಚ್‌ಎಂಎಸ್ ವಾರ್ಬೆಲ್ ಅಂತ ಯುದ್ಧನೌಕೆಗೆ ಇಟ್ಟಂತೆ ಹೆಸರಿಟ್ಟಿತು. 1943ರ ಸೆಪ್ಟೆಂಬರಿನಲ್ಲಿ ನಾರ್ವೆಯ ಕಡಲ ಕವಲಿಗೆ ನುಗ್ಗಿ ಜರ್ಮನಿಯ ಟಿರ್ಪಿಟ್ಸ್ ಹಡಗನ್ನು ಜಖಂ ಮಾಡಿದ ಕಿರು ಜಲಾಂತರ್ಗಾಮಿಗಳ ಕೇಂದ್ರ ಇದೇ. ಹಳ್ಳಿಯ ಬಗ್ಗೆ ಹೊರಗಿನವರು ಈಗ ಬರೆದರೆ ಈ ವಿಷಯವೇ ಜಾಸ್ತಿ.

ಯುದ್ಧ ಮುಗಿದ ಮೇಲೆ ಕೆಲವು ವರ್ಷ ಜನ ಮತ್ತೆ ತುಂಬಿದರು. 1954ರಲ್ಲಿ ಕ್ಲೈಡ್‌ಗೆ ಕಾರು ಸಾಗಿಸುವ ಫೆರಿಗಳು ಬಂದವು. ಕಾರು ಇದ್ದವನು ಒಂದೇ ಊರಲ್ಲಿ ಹದಿನೈದು ದಿನ ಯಾಕೆ ಕೂರುತ್ತಾನೆ, ಅಲ್ವಾ? ಸುಮ್ನೆ ದ್ವೀಪ ಸುತ್ತಿ ಸಂಜೆಗೆ ವಾಪಸ್. ಸ್ಪೇನ್ ಬಂದಿದ್ದು ಇದರ ನಂತರ. 1966ರಿಂದ ವಿದೇಶ ಪ್ರವಾಸಕ್ಕೆ ತಲೆಗೆ 50 ಪೌಂಡ್‌ಗಿಂತ ಜಾಸ್ತಿ ಒಯ್ಯಬಾರದು ಅಂತ ಬ್ರಿಟಿಷ್ ಸರ್ಕಾರ ಮಿತಿ ಹಾಕಿತ್ತು, 1970ರಲ್ಲಿ ಅದು ಸಡಿಲಾಯಿತು. ಅತ್ತ ಯಾರ್ಡುಗಳು ಒಂದೊಂದಾಗಿ ಮುಚ್ಚಿದವು, ಎಲ್ಲರಿಗೂ ಒಟ್ಟಿಗೆ ರಜೆ ಅನ್ನುವ ಕಟ್ಟಲೆಯೂ ಸಡಿಲವಾಯಿತು. ಬಿಸಿಲಿಗಿಂತ ದೊಡ್ಡ ಪೆಟ್ಟು ಅದು. 1974ರಲ್ಲಿ 'ವೇವರ್ಲಿ' ಎಂಬ ಚಕ್ರದ ಸ್ಟೀಮರನ್ನು ಹಳೆ ದೋಣಿಗಳ ಅಭಿಮಾನಿಗಳಿಗೆ 1 ಪೌಂಡ್‌ಗೆ ಕೊಟ್ಟರು. ಅದು ಈಗಲೂ ಓಡುತ್ತದೆ.

ಪೆವಿಲಿಯನ್ 2015ರಲ್ಲಿ ರಿಪೇರಿಗೆ ಅಂತ ಮುಚ್ಚಿತು. ಅದೇ ವರ್ಷದ ಕೊನೆಗೆ ಸಿರಿಯಾದಿಂದ ನಿರಾಶ್ರಿತ ಕುಟುಂಬಗಳು ರಾಥ್‌ಸಿಗೆ ಬಂದವು, ಒಂದು ಕುಟುಂಬ ಬೇಕರಿಯನ್ನೂ ತೆರೆಯಿತು. ಪೋರ್ಟ್ ಬ್ಯಾನಟೈನ್‌ನಲ್ಲಿ ಪುಟ್ಟ ಮರೀನಾ, ಅಂದರೆ ವಿಹಾರ ದೋಣಿಗಳ ತಂಗುದಾಣ ಇದೆ, ಎಟ್ರಿಕ್ ಬೇ ಕಡೆಯ ಟ್ರಾಮು ದಾರಿಯಲ್ಲಿ ಈಗ ನಡೆದು ಹೋಗಬಹುದು. ವೀಮ್ಸ್ ಬೇಯಿಂದ ದಾಟಲು 35 ನಿಮಿಷ. ಫೆರಿ ರದ್ದಾದ ದಿನ ಮಾತ್ರ ದ್ವೀಪದವರ ಬೈಗುಳ ಕೇಳಬೇಕು.