ಕಿಕ್ಕಿರಿದ ನಕ್ಷತ್ರಗುಚ್ಛಗಳಲ್ಲಿ ಕ್ಷ-ಕಿರಣದ ಜಾಡು

ಹೂಮಳೆ ಬಿದ್ದು ಆಕಾಶ ತಿಳಿಯಾದ ಏಪ್ರಿಲ್ ನಡುರಾತ್ರಿಗಳಲ್ಲಿ ಮಡಿಕೇರಿಯ ಹೊರಗಿನ ಕತ್ತಲ ಗುಡ್ಡವೊಂದರಿಂದ ದಕ್ಷಿಣಕ್ಕೆ ನೋಡಿದರೆ, ದಿಗಂತದಿಂದ ಸುಮಾರು 30 ಡಿಗ್ರಿ ಎತ್ತರದಲ್ಲಿ ಮಸುಕಾದ ಚುಕ್ಕೆಯೊಂದು ಕಾಣುತ್ತದೆ. ಅದು ಒಮೆಗಾ ಸೆಂಟಾರಿ. ಹೆಮ್ಮರದ ಕೊಂಬೆಗೆ ಒತ್ತಾಗಿ ಕೂತ ಹೆಜ್ಜೇನಿನಂತೆ ಲಕ್ಷಾಂತರ ನಕ್ಷತ್ರಗಳು ನೆರೆದಿರುವ ಈ ಗೋಳೀಯ ಗುಚ್ಛ ನಮ್ಮಿಂದ ಸುಮಾರು 17,000 ಜ್ಯೋತಿರ್ವರ್ಷ ದೂರದಲ್ಲಿದೆ.

ಆಕಾಶಗಂಗೆಯಲ್ಲಿ ಇಂಥ ಗುಚ್ಛಗಳು 150ಕ್ಕೂ ಹೆಚ್ಚಿವೆ. ಎಲ್ಲವನ್ನೂ ಕೂಡಿಸಿದರೂ ಆಕಾಶಗಂಗೆಯ ನಕ್ಷತ್ರಗಳಲ್ಲಿ ಅವುಗಳ ಪಾಲು ಸಾವಿರದಲ್ಲಿ ಒಂದನ್ನು ಮೀರದು. ಆದರೆ 1970ರಲ್ಲಿ ಕೆನ್ಯಾ ಕರಾವಳಿಯಿಂದ ಹಾರಿದ ಉಹುರು ಎಂಬ ಕ್ಷ-ಕಿರಣ ಉಪಗ್ರಹದ ಕಾಲದಿಂದ ನಡೆದ ಶೋಧಗಳು ಬೇರೆಯೇ ಲೆಕ್ಕ ಹೇಳಿದವು: ಸತ್ತ ನಕ್ಷತ್ರದ ಅತಿ ಸಾಂದ್ರ ಶೇಷವೊಂದು ಪುಟ್ಟ ಸಂಗಾತಿ ನಕ್ಷತ್ರದಿಂದ ಅನಿಲವನ್ನು ಸೆಳೆದುಕೊಂಡು ಪ್ರಖರ ಕ್ಷ-ಕಿರಣ ಸೂಸುವ ಜೋಡಿಗಳಲ್ಲಿ ಸುಮಾರು ಹತ್ತಕ್ಕೊಂದು ಈ ಗುಚ್ಛಗಳಲ್ಲೇ ಇದೆ. ದಟ್ಟಣೆಯೇ ಇದಕ್ಕೆ ಕಾರಣ. ಗುಚ್ಛದ ಗರ್ಭದಲ್ಲಿ ನಕ್ಷತ್ರಗಳು ಪದೇ ಪದೇ ಹತ್ತಿರ ಹಾಯುವುದರಿಂದ, ಅಂಥ ಶೇಷವಾದ, ಒಂಟಿಯಾಗಿದ್ದ ನ್ಯೂಟ್ರಾನ್ ನಕ್ಷತ್ರವೂ ಸಂಗಾತಿಯೊಂದನ್ನು ಹಿಡಿದುಕೊಳ್ಳಬಲ್ಲದು.

ಇಂಥ ಒತ್ತಿನಲ್ಲಿ ಒಂದು ಕ್ಷ-ಕಿರಣ ಮೂಲವನ್ನು ಇನ್ನೊಂದರಿಂದ ಬಿಡಿಸಿ ನೋಡುವುದೇ ಈ ಹುಡುಕಾಟದ ನಿಜವಾದ ಕಷ್ಟವೆಂದು ನನಗೆ ತೋರುತ್ತದೆ. ಎಂ15 ಗುಚ್ಛದ ಕಥೆಯನ್ನೇ ನೋಡಿ. ಅಲ್ಲಿ ಪ್ರಖರ ಮೂಲ ಒಂದೇ ಎಂದು ಬಹುಕಾಲ ನಂಬಲಾಗಿತ್ತು. ಅದರ ನ್ಯೂಟ್ರಾನ್ ನಕ್ಷತ್ರ ಅನಿಲದ ತಟ್ಟೆಯ ಮರೆಯಲ್ಲಿದೆ, ನೇರವಾಗಿ ಕಾಣದು ಎಂದು ಕಣ್ಣಿಗೆ ಕಾಣುವ ಬೆಳಕಿನ ಅಧ್ಯಯನಗಳು ಸೂಚಿಸಿದ್ದವು. ಆದರೆ 1988ರಲ್ಲಿ ಜಪಾನಿನ ಗಿಂಗಾ ಉಪಗ್ರಹ ಅಲ್ಲಿಂದಲೇ ತೀವ್ರವಾದ ಸ್ಫೋಟವೊಂದನ್ನು ದಾಖಲಿಸಿತು. ಇಂಥ ಸ್ಫೋಟ ನಡೆಯುವುದು ನ್ಯೂಟ್ರಾನ್ ನಕ್ಷತ್ರದ ಮೇಲ್ಮೈಯಲ್ಲಿ. ಮೇಲ್ಮೈಯೇ ಮರೆಯಲ್ಲಿರುವಾಗ ಅಷ್ಟು ಪ್ರಖರತೆ ಎಲ್ಲಿಂದ ಬಂದೀತು? ಈ ಒಗಟನ್ನು ಬಿಡಿಸಿದ್ದು 1999ರಲ್ಲಿ ಉಡಾವಣೆಯಾದ ಚಂದ್ರಾ ಎಂಬ ಕ್ಷ-ಕಿರಣ ದೂರದರ್ಶಕ. ಆರು ಕಿ.ಮೀ. ಆಚೆಯ ತೋಟದಲ್ಲಿರುವ ಒಂದೂವರೆ ಸೆಂ.ಮೀ. ಅಗಲದ ಕಾಫಿ ಹಣ್ಣು ನಮ್ಮ ಕಣ್ಣಿನಲ್ಲಿ ಮಾಡುವ ಕೋನವೆಷ್ಟೋ ಅಷ್ಟು ಸೂಕ್ಷ್ಮ ಅದರ ದೃಷ್ಟಿ. ಆ ದೃಷ್ಟಿಗೆ ಎಂ15ರ ಒಂದು ಮೂಲ ಎರಡಾಗಿ ಕಂಡಿತು. ಮರೆಯಲ್ಲಿದ್ದದ್ದು ಒಂದು, ಸಿಡಿದದ್ದು ಇನ್ನೊಂದು.

47 ಟುಕಾನೆ ಎಂಬ ಗುಚ್ಛದಲ್ಲಿ ಚಂದ್ರಾ ನೂರಾರು ಮಂದ ಮೂಲಗಳನ್ನು ತೋರಿಸಿದೆ. ಹುತ್ತರಿಯ ದಿನಗಳ ಮುಸ್ಸಂಜೆ ಅದು ನಮ್ಮ ದಕ್ಷಿಣಕ್ಕೆ ಬಂದರೂ ಐದು ಡಿಗ್ರಿಯಷ್ಟೇ ಮೇಲೇರುವುದರಿಂದ ಕೊಡಗಿನ ಬಹುತೇಕ ಕಡೆ ಬೆಟ್ಟಗಳ ಹಿಂದೆಯೇ ಉಳಿಯುತ್ತದೆ. ಹಲವು ಗುಚ್ಛಗಳನ್ನು ಹೋಲಿಸಿದಾಗ, ಮೂಲಗಳ ಸಂಖ್ಯೆಯನ್ನು ಗುಚ್ಛದ ಗಾತ್ರಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ನಕ್ಷತ್ರಗಳ ಮುಖಾಮುಖಿ ಎಷ್ಟು ಸಲ ನಡೆಯುತ್ತದೆ ಎಂಬುದೇ ಎಂದು 2003ರಲ್ಲಿ ತಿಳಿದುಬಂತು. ಒಮೆಗಾ ಸೆಂಟಾರಿ 47 ಟುಕಾನೆಗಿಂತ ಬಹಳ ದೊಡ್ಡದು. ಆದರೆ ಅದರ ಗರ್ಭ ಸಡಿಲ. ಪ್ರಖರ ಮೂಲ ಅಲ್ಲಿ ಒಂದೂ ಇಲ್ಲ.